ಹಳೇ ದೇವರಿಗೆ ಜಾಗ

ಈ ಕೆಲಸಕ್ಕೆ ಹೊಸದಾಗಿ ಬಂದ ಹೆಣ್ಣುಮಕ್ಕಳು ಮೊದಲು ಒಂದು ಮಾತು ತಿಳಿದುಕೊಳ್ಳಬೇಕು. ಜನ ದೇವರನ್ನು ಮನೆಗೆ ತರುವಾಗ ಬ್ಯಾಂಡು ಬಾರಿಸುತ್ತಾರೆ, ಹೊರಗೆ ಹಾಕುವಾಗ ಹಿತ್ತಲ ಬಾಗಿಲು ಹುಡುಕುತ್ತಾರೆ. ನಾನು ಆ ಹಿತ್ತಲ ಬಾಗಿಲಲ್ಲಿ ಕೂತು ಮುದುಕಿಯಾದವಳು.

ಜಹೀರಾಬಾದಿನಲ್ಲಿ ನಮ್ಮ ಓಣಿಯ ಗುಡಿಗೆ ಅಂಟಿಕೊಂಡು ಒಂದು ಖೋಲಿ ಇದೆ. ಆ ಖೋಲಿಯ ಹಿಂದೆ ಒಂದು ತುಂಡು ನೆಲ ಇತ್ತು. ಒಡೆದ ಮೂರ್ತಿ, ಹರಿದ ಪುರಾಣ, ಗೆದ್ದಲು ತಿಂದ ಫೋಟೊ, ಸತ್ತವರ ಜಪಮಾಲೆ ಎಲ್ಲವನ್ನೂ ಖೋಲಿಯಲ್ಲಿ ತೆಗೆದುಕೊಳ್ಳುವುದು, ವಿಂಗಡಿಸುವುದು, ಅಮಾವಾಸ್ಯೆಗೆ ಆ ನೆಲದ ಮಣ್ಣಿಗೆ ಕೊಡುವುದು ನನ್ನ ಕೆಲಸ. ಮನೆಯ ಅಡಿಗೆ ಮುಗಿಸಿ, ಸೆರಗು ಸಿಕ್ಕಿಸಿಕೊಂಡು ಹೋಗುತ್ತಿದ್ದೆ. ಸಂಬಳವಿಲ್ಲ, ರಜೆಯಿಲ್ಲ, ಶಾಲು ಹೊದಿಸುವ ಸಭೆಯೂ ಇಲ್ಲ. ಈಗ ಮೊಣಕಾಲು ಹೋಗಿದೆ. ಕಣ್ಣು ಉಳಿದಿವೆ, ದೇವರು ದೊಡ್ಡವನು.

ಈ ಕೆಲಸಕ್ಕೆ ಮಂತ್ರ ಬೇಕಿಲ್ಲ, ಮಣ್ಣು ಬೇಕು. ಆ ತುಂಡು ನೆಲ ಹೋದರೆ ನಮ್ಮ ಕೆಲಸವೂ ಹೋದಂತೆ. ಅದನ್ನು ಹೋಗಗೊಡಬಾರದೆಂದು ಒದ್ದಾಡಿದ ಸಂಗತಿಯನ್ನೇ ನಾನು ಮುಖ್ಯವಾಗಿ ಹೇಳಬೇಕು. ಅದಕ್ಕೂ ಮೊದಲು ಕೆಲಸ ಎಂಥದ್ದು ಎಂದು ಗೊತ್ತಿರಲಿ.

ಮದುವೆಯಾದ ಹೊಸದರಲ್ಲಿ ನಾವು ತಾಂಡೂರಿನಲ್ಲಿದ್ದೆವು. ನಮ್ಮವರು ಅಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸಕ್ಕಿದ್ದರು. ಊರ ಹೊರಗೆ, ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ನೀರು ನಿಲ್ಲುತ್ತಿತ್ತು. ಆ ನೀರು ಕಂಡರೆ ಸಾಕು, ಜನಕ್ಕೆ ಗಂಗಮ್ಮನ ನೆನಪಾಗಿ, ಮನೆಯ ಹಳೇ ಫೋಟೊ ಎತ್ತಿಕೊಂಡು ಬಂದುಬಿಡುತ್ತಿದ್ದರು. ಎಸೆದ ಮೇಲೆ ಕೈಮುಗಿಯುವುದು, ಆಮೇಲೆ ಹಿಂದಿರುಗಿ ನೋಡದೆ ಓಡುವುದು. ಹಿಂದಿರುಗಿ ನೋಡಿದರೆ ದೋಷವಂತೆ! ನೋಡಿದ್ದರೆ ಕಾಣುತ್ತಿತ್ತು: ಲಕ್ಷ್ಮಿ ಬೋರಲಾಗಿ ತೇಲುತ್ತಿದ್ದಾಳೆ, ಅವಳ ಬೆನ್ನ ಮೇಲೆ ಎಮ್ಮೆ ಕಾಲಿಟ್ಟು ನೀರು ಕುಡಿಯುತ್ತಿದೆ. ಎಮ್ಮೆಯದು ಏನೂ ತಪ್ಪಿಲ್ಲ.

ಜಹೀರಾಬಾದಿಗೆ ಬಂದ ಮೇಲೆ ಇದನ್ನು ನನ್ನ ಅತ್ತೆಗೆ ಹೇಳಿದೆ. ಆಕೆಯೇ ಈ ಖೋಲಿಯನ್ನು ಶುರು ಮಾಡಿದವಳು. ನನ್ನ ಮೊದಲ ಮೇಲಧಿಕಾರಿಯೂ ಆಕೆಯೇ. ನಾಲಿಗೆ ಕತ್ತರಿಯಂಥದ್ದು.

"ನೀರಿಗಿ ಬಿಡಾದಲ್ಲ ಅದು, ಕೈ ತೊಳಕೊಳ್ಳಾದು," ಎಂದಳು. "ನಾಳಿಗಿ ನನ್ನೂ ಹಂಗೇ ಬಿಟ್ಟೀರಿ ಮತ್ತ. ಬಾ, ಕುಂದ್ರು, ಕೆಲಸ ಕಲಿ."

ಆಕೆ ಕಲಿಸಿದ್ದು ಇಷ್ಟೇ: "ಹೆಸರಿದ್ದದ್ದು ಮಣ್ಣಿಗಿ, ಸೇವಾ ಮಾಡಿದ್ದು ಗಿಡಕ್ಕ, ವ್ಯಾಪಾರ ಮಾಡಿದ್ದು ಕಸಕ್ಕ."

ದೇವರ ಹೆಸರು, ದೇವರ ಮುಖ ಇದ್ದದ್ದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೂಳಬೇಕು. ದೇವರ ಮುಂದೆ ದುಡಿದದ್ದು, ಅಂದರೆ ಬಾಡಿದ ಹೂ, ಸುಟ್ಟ ಬತ್ತಿ, ಸವೆದ ಚಾಪೆ, ಇವು ಯಾವುದಾದರೂ ಗಿಡದ ಬುಡಕ್ಕೆ. ದೇವರ ಮುಖ ಹೊತ್ತು ಮಾರಾಟವಾದ ಊದಿನಕಡ್ಡಿ ಡಬ್ಬಿ, ಅಂಗಡಿ ಕ್ಯಾಲೆಂಡರಿನಿಂದ ಮುಖವನ್ನಷ್ಟೇ ಕತ್ತರಿಸಿ ಬೇರೆ ಮಾಡಿ, ಉಳಿದದ್ದನ್ನು ಕಸಕ್ಕೆ. ಇಷ್ಟನ್ನೇ ತಲೆಯಲ್ಲಿಟ್ಟುಕೊಂಡರೆ ಸಾಕು. ಆದರೆ ಓಣಿಯ ಹೆಂಗಸರು ಬಂದು, "ಅಕ್ಕಾ, ಕರ್ಪೂರದ ಬೂದಿಗಿ ದೋಷ ಹತ್ತತದೇನ್ರಿ?" ಎಂದು ಅರ್ಧ ಮಧ್ಯಾಹ್ನ ತಿನ್ನುತ್ತಾರೆ. ಅದೇ ಹೆಂಗಸರು ದೇವರ ಚಿತ್ರವಿರುವ ಪಟಾಕಿಯನ್ನು ದೀಪಾವಳಿಗೆ ಚೂರು ಚೂರು ಮಾಡಿ, ಬೆಳಿಗ್ಗೆ ಪೊರಕೆಯಿಂದ ಮೋರಿಗೆ ತಳ್ಳುತ್ತಾರೆ. ಅಲ್ಲಿ ದೋಷವಿಲ್ಲ.

ಹೈದರಾಬಾದಿನಲ್ಲಿ ಗ್ರಂಥಾಲಯದಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಒಮ್ಮೆ ಬಂದಾಗ ಒಂದು ಸಂಗತಿ ಹೇಳಿದಳು. ಯಹೂದಿ ಜನ ಅಂತ ಇದ್ದಾರಂತೆ. ದೇವರ ಹೆಸರು ಬರೆದ ಕಾಗದ ಹರಿದರೂ ಅವರು ಎಸೆಯುವುದಿಲ್ಲವಂತೆ. ಒಂದು ಖೋಲಿಯಲ್ಲಿ ಕೂಡಿಟ್ಟು, ಆಮೇಲೆ ಮನುಷ್ಯರನ್ನು ಹೂಳಿದ ಹಾಗೆ ಮರ್ಯಾದೆಯಿಂದ ಹೂಳುತ್ತಾರಂತೆ. ಪವಿತ್ರ ಗ್ರಂಥ ಸುತ್ತಿದ ಬಟ್ಟೆಗೂ ಅದೇ ಮರ್ಯಾದೆ. ಬರೀ ಆಚರಣೆಗೆ ಬಳಸಿದ ವಸ್ತುವಿಗೆ ಅಷ್ಟು ಕಟ್ಟುನಿಟ್ಟಿಲ್ಲ, ಆದರೂ ತುಳಿಯುವಲ್ಲಿ ಬಿಸಾಕುವುದಿಲ್ಲ. ಅತ್ತೆ ಎಲ್ಲವನ್ನೂ ಕೇಳಿ, "ಅವರ ಮನ್ಯಾಗೂ ಒಬ್ಬಾಕಿ ಶಾಣ್ಯಾ ಅತ್ತಿ ಇದ್ದಿರಬೇಕು," ಎಂದಳು. ಪಕ್ಕದ ಮನೆಯ ರಾಬಿಯಾ ಆಪಾ ಬಾಗಿಲಲ್ಲಿ ನಿಂತು ನಕ್ಕಳು. ಅವರ ಮನೆಯಲ್ಲೂ ಹರಿದ ಖುರಾನಿನ ಹಾಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಮಣ್ಣಿಗೇ ಕೊಡುತ್ತಾರೆ. ಮೂರು ಕಡೆಯವರಿಗೆ ತಿಳಿದದ್ದು ನಮ್ಮ ಓಣಿಯ ಸುಶಿಕ್ಷಿತರಿಗೆ ಮಾತ್ರ ತಿಳಿಯದು. ಅವರಿಗೆ ಊರಬಾಗಿಲ ಬೇವಿನಮರ ಇದೆಯಲ್ಲ! ಅದರ ಬುಡದಲ್ಲಿ ಒಡೆದ ಗಾಜಿನ ಶಿವ, ತಲೆಯಿಲ್ಲದ ಆಂಜನೇಯ, ಅವುಗಳ ಮೇಲೆ ಗುಟ್ಕಾ ಚೀಟಿ.

ನಾರಾಯಣಖೇಡದಿಂದ ನನ್ನ ತವರಿನ ಕಡೆಯ ಸಂಬಂಧಿಯೊಬ್ಬ ಒಂದು ಸಲ ಚೀಲ ಹೊತ್ತು ಬಂದ. ಮಗಳ ಮದುವೆಗೆ ಅಚ್ಚು ಹಾಕಿಸಿ ಉಳಿದ ಲಗ್ನಪತ್ರಿಕೆಗಳು. ಒಂದೊಂದರ ಮೇಲೂ ಬಂಗಾರದ ಬಣ್ಣದ ಗಣಪತಿ, ಒಳಗೆ ಮತ್ತೊಬ್ಬ, ಲಕೋಟೆಯ ಮೇಲೆ ಇನ್ನೊಬ್ಬ.

"ಇಷ್ಟ್ಯಾಕ ಮಾಡಿಸ್ದಿ ಮಾವಾ?"

"ನಮ್ಮ ಹೈಸಿಯತ್, ನಮ್ಮ ದೊಡ್ಡಸ್ತಿಕಿ, ಮಂದಿಗಿ ಗೊತ್ತಾಗ್ಬೇಕಲ್ಲವ್ವಾ."

"ಮಂದಿಗಿ ಗೊತ್ತಾತು. ಗಣಪತಿಗೂ ಗೊತ್ತಾತು. ಕತ್ತರಿ ತಗೋ, ಕುಂದ್ರು."

ಅವನನ್ನು ಕೂಡಿಸಿ ಸಂಜೆತನಕ ಗಣಪತಿಗಳನ್ನು ಕತ್ತರಿಸಲು ಹಚ್ಚಿದೆ. ಬೆರಳಿಗೆ ಬೊಬ್ಬೆ ಬಂತು. ಕಿರಿಯ ಮಗಳ ಮದುವೆಗೆ ಅವನು ಫೋನ್ ಮಾಡಿಯೇ ಕರೆದ. ಇದನ್ನು ನಾನು ಈ ಕೆಲಸದ ಲಾಭದಲ್ಲಿ ಬರೆದುಕೊಂಡಿದ್ದೇನೆ.

ಮೊದಲು ಬರುತ್ತಿದ್ದದ್ದು ಕಾಗದ, ಕಟ್ಟಿಗೆ, ಮಣ್ಣು. ಒಂದು ಮಳೆಗಾಲ ಕಳೆದರೆ ಗುರುತು ಇರುತ್ತಿರಲಿಲ್ಲ. ಆಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಫೋಟೊ ಬಂತು, ಫೈಬರ್ ಬಂತು, ತಲೆಯ ಹಿಂದೆ ಕೆಂಪು ಹಸಿರು ಬಲ್ಬು ತಿರುಗುವ ದೇವರು ಬಂದ. ಬಹಳ ದಿನ ನಾವು ಇವನ್ನೂ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಹೂಳಿದೆವು. ಮಣ್ಣು ಎಲ್ಲವನ್ನೂ ಒಪ್ಪಿಕೊಳ್ಳುತ್ತದೆ ಎಂಬ ನಂಬಿಕೆ. ಮಣ್ಣಿಗೂ ಒಂದು ಮರ್ಯಾದೆ ಇರುತ್ತದೆ ಎಂದು ತಿಳಿದದ್ದು ತಡವಾಗಿ. ಅದನ್ನು ಮುಂದೆ ಹೇಳುತ್ತೇನೆ.

ಈಗ ನಮ್ಮ ಗುಡಿಯ ಕಮಿಟಿಯ ಅಧ್ಯಕ್ಷರು. ಅತ್ತೆ ಹೋದ ಮೇಲೆ ನನಗೆ ಒದಗಿದ ಮೇಲಧಿಕಾರಿ ಇವರು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಎರಡು ಕಿಸೆಯಲ್ಲಿ ಎರಡು ಫೋನು. ಒಂದು ಶಿವರಾತ್ರಿಗೆ ಗುಡಿಯ ಮುಂದೆ ದೊಡ್ಡ ಫ್ಲೆಕ್ಸ್ ಕಟ್ಟಿಸಿದರು. ಮೂಲೆಯಲ್ಲಿ ಶಿವ, ಬೊಗಸೆಯಷ್ಟು. ಮಧ್ಯದಲ್ಲಿ ಅಧ್ಯಕ್ಷರು, ಬಾಗಿಲಷ್ಟು. ಹಬ್ಬ ಮುಗಿದ ಮೇಲೆ ಫ್ಲೆಕ್ಸು ಖೋಲಿಗೆ ಬಂತು. ಅತ್ತೆಯ ಮಾತಿನಂತೆ ಶಿವನನ್ನು ಕತ್ತರಿಸಿ ತೆಗೆದು ಬೇರೆ ಇಟ್ಟೆ. ಉಳಿದದ್ದು ಗಟ್ಟಿ ಹಾಳೆ, ಕೆಡಿಸುವುದು ಯಾಕೆ ಎಂದು ಕೊನೆಮನೆಯ ಎಮ್ಮೆಯವಳಿಗೆ ಕೊಟ್ಟೆ. ಆಕೆ ಕುಳ್ಳಿನ ಒಟ್ಟಿಲಿಗೆ ಹೊದಿಸಿದಳು. ಮಳೆ ಬರಲಿ, ಬಿಸಿಲು ಬರಲಿ, ಅಧ್ಯಕ್ಷರು ಕೈಮುಗಿದು ನಗುತ್ತ ಸಗಣಿ ಕಾಯುತ್ತಿದ್ದರು.

ಸಿಟ್ಟಿನಿಂದ ಖೋಲಿಗೆ ಬಂದರು. "ಶರಣಮ್ಮಾರೆ, ನನ್ನ ಫೋಟೊ ಎಲ್ಲಿಗಿ ಹೊಂಟದ ನೋಡ್ರಿ!"

"ನೋಡೀನ್ರಿ. ಕುಳ್ಳು ತೊಯ್ದಿಲ್ಲ."

"ದೇವರ ಜೋಡಿ ಇದ್ದ ಫೋಟೊ ಅದು!"

"ದೇವರನ್ನ ತಗದೀನ್ರಿ. ನಿಮಗೂ ಮಣ್ಣು ಕೊಡಬೇಕಾಗಿತ್ತೇನು?"

ಬಾಯಿ ಕಚ್ಚಿಕೊಳ್ಳಬೇಕಿತ್ತು, ಕಚ್ಚಿಕೊಳ್ಳಲಿಲ್ಲ. ಅಂದಿನಿಂದ ಅವರ ಕಣ್ಣು ಆ ತುಂಡು ನೆಲದ ಮೇಲೆ ಬಿತ್ತು ಎನ್ನುತ್ತಾರೆ. ನಾನು ಹಾಗೆನ್ನುವುದಿಲ್ಲ. ರಸ್ತೆ ಅಗಲವಾದಾಗಲೇ ಬಿದ್ದಿತ್ತು. ಅಲ್ಲಿ ಮಳಿಗೆ ಕಟ್ಟಿಸಿದರೆ ಬಾಡಿಗೆ ಬರುತ್ತದೆ. ಹೂತ ದೇವರಿಂದ ಏನು ಬರುತ್ತದೆ?

ಅದೇ ದಿನಗಳಲ್ಲಿ ನ್ಯಾಲ್ಕಲ್ ಕಡೆಯ ಹಳ್ಳಿಯಿಂದ ಸುಶೀಲಾಬಾಯಿ ಬಂದಳು. ನನಗಿಂತ ಸ್ವಲ್ಪ ಸಣ್ಣವಳು, ಬಿಸಿಲಲ್ಲಿ ದುಡಿದ ಮೈ. ಜೀಪಿನಿಂದ ಇಳಿದು ಬಂದವಳು ಖೋಲಿಯ ಹೊರಗೇ ನಿಂತು, ಸೆರಗಿನ ಗಂಟು ಬಿಚ್ಚಿದಳು. ಒಳಗೆ ಗೇಣುದ್ದದ ಕಟ್ಟಿಗೆಯ ಪೋಚಮ್ಮ, ನಮ್ಮ ಕಡೆಯ ಊರದೇವಿ. ಕುಂಕುಮ ಕುಡಿದು ಕುಡಿದು ಕಪ್ಪಾಗಿತ್ತು. ಕಣ್ಣುಗಳಿದ್ದಲ್ಲಿ ಎರಡು ತೂತು.

"ಅಕ್ಕೋರೆ, ನಾವು ಬುದ್ಧನ ದಾರಿ ಹಿಡದೀವ್ರಿ. ಮನ್ಯಾಗ ಈಗ ಪೂಜಿ ಇಲ್ಲ. ಮಗ ಅಂತಾನ, ಕಟಿಗಿನೇ ಅಲ್ಲೇನು, ಒಲಿಗಿ ಹಾಕು ಅಂತ. ಅವ ಅನ್ನಾದ್ರಾಗ ತಪ್ಪಿಲ್ರಿ. ಆದ್ರ ನಮ್ಮಾಯಿ, ನಮ್ಮ ಮನಿ ಹಿರೀಕಿ, ಇಕಿ ಮುಂದ ಕುಂತು ಅತ್ತಾಳ್ರಿ. ಮೂರು ಕೂಸು ಹೋದಾಗ ಅತ್ತಾಳ. ಒಲಿಗಿ ಹ್ಯಾಂಗ ಹಾಕ್ಲಿ?"

"ಹಾಕಬ್ಯಾಡ," ಎಂದೆ. "ಒಳಗ ಬಾ, ಕುಂದ್ರು. ಬರೋ ಅಮಾಸಿಗಿ ಮಣ್ಣಿಗಿ ಕೊಡ್ತೀನಿ. ನೀನೂ ಬಾ."

"ನಂದೇನೂ ಅಡ್ಡಿ ಇಲ್ರಿ. ನಿಮಗೇನಾರ ಆದೀತು."

"ನನಗೇನಾಗ್ತದವ್ವಾ? ಮೊಣಕಾಲ ಒಂದ ಉಳದದ, ಅದೂ ಹೊಂಟದ."

ಆಕೆ ಒಳಗೆ ಬಂದು ಕೂತಳು. ಪೋಚಮ್ಮನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟೆ. ಈ ಕೆಲಸದಲ್ಲಿ ಮಾತು ಕೊಟ್ಟರೆ ಅದೇ ರಸೀದಿ, ಅದೇ ಮೊಹರು.

ಸುದ್ದಿ ಅಧ್ಯಕ್ಷರಿಗೆ ಮುಟ್ಟಲು ಬಹಳ ಹೊತ್ತು ಬೇಕಾಗಲಿಲ್ಲ. ಮರುದಿನವೇ ಬಂದರು. ಈ ಸಲ ಸಿಟ್ಟಿಲ್ಲ, ಉಪದೇಶ.

"ಶರಣಮ್ಮಾರೆ, ಅವ್ರು ನಮ್ಮ ದೇವ್ರು ಬ್ಯಾಡಂತ ಬಿಟ್ಟು ಹೋದ ಮಂದಿ. ಈಗ ಅವ್ರ ಮನಿ ಕಟಿಗಿ ನಮ್ಮ ಗುಡಿ ನೆಲದಾಗ ಯಾಕ?"

"ಅವ್ರು ಬಿಟ್ಟು ಹೋದ್ರೋ, ನಾವು ಅಟ್ಟಿದಿವೋ, ಅದು ನಿಮಗೂ ಗೊತ್ತದ, ನನಗೂ ಗೊತ್ತದ. ಅಕಿ ಆಯಿ ಬದುಕಿದ್ದಾಗ ಈ ಗುಡಿ ಕಟ್ಟಿ ಹತ್ತಗೊಟ್ಟಿದ್ರೇನು?"

"ಹಳೀ ಮಾತು ಬಿಡ್ರಿ. ಈಗ ಯಾರು ಬ್ಯಾಡಂತಾರ?"

"ಈಗ ನೀವೇ ಅನ್ಲತ್ತೀರಲ್ರಿ."

ಅವರು ಹಿಂದಿನ ನೆಲದ ಕಡೆ ಕೈ ತೋರಿಸಿದರು. "ಹೆಂಗೂ ಅಮಾಸಿತನಕ ಆ ಜಾಗಾ ಇರಾದಿಲ್ಲ. ಜೆಸಿಬಿ ಬರ್ಲತ್ತದ. ನಿಮ್ಮ ಸಾಮಾನೆಲ್ಲಾ ಟ್ರ್ಯಾಕ್ಟರಿಗಿ ಹಾಕಿ ತಾಂಡೂರಿಗಿ ಕಳಸ್ತೀನಿ. ಅಲ್ಲಿ ಕಲ್ಲಿನ ಗುಂಡಿ ಭಾಳ ಅವ."

ನಾನು ಕಮಿಟಿಯ ಉಳಿದವರ ಮನೆಗೆ ಹೋದೆ. ಒಬ್ಬರು ಬೆನ್ನು ನೋವೆಂದರು, ಒಬ್ಬರು ಊಟಕ್ಕೆ ಕೂತಿದ್ದೇನೆಂದರು, ಇನ್ನೊಬ್ಬರು, "ನಿಮ್ಮ ಮಾತು ಬರೋಬರಿ ಅದ, ಆದ್ರ ನನ್ನ ಹೆಸರು ತಗೀಬ್ಯಾಡ್ರಿ," ಎಂದರು. ಈ ಮೂರನೆಯವರಂಥವರಿಂದಲೇ ಲೋಕ ಕೆಟ್ಟಿರುವುದು. ಆದರೂ ಆ ಮನೆಯಲ್ಲಿ ಮಜ್ಜಿಗೆ ಕೊಟ್ಟರು. ಬಿಸಿಲಿತ್ತು, ಕುಡಿದೆ.

ಜೆಸಿಬಿ ಬಂತು. ಪೂಜೆಯನ್ನೂ ಮಾಡಿದರು, ನೆಲಕ್ಕಲ್ಲ, ಜೆಸಿಬಿಗೆ. ಅದರ ಹಲ್ಲಿಗೆ ನಿಂಬೆಹಣ್ಣು ಕಟ್ಟಿದರು. ಮೊದಲ ಸಲ ಮಣ್ಣು ಎತ್ತಿದಾಗ ಬರೀ ಮಣ್ಣು ಬಂತು, ಕಪ್ಪಗೆ, ಮೆತ್ತಗೆ. ಅತ್ತೆಯ ಕಾಲದ ಪುರಾಣಗಳೆಲ್ಲ ಅದರಲ್ಲಿ ಹಿಟ್ಟಾಗಿದ್ದವು. ನನ್ನ ಮನಸ್ಸಿಗೆ ಸಮಾಧಾನವಾಯಿತು. ಎರಡನೆಯ ಸಲ ವೆಂಕಟರಮಣ ಬಂದ. ಪ್ಲಾಸ್ಟಿಕ್ ಹಾಳೆಯೊಳಗೆ ಒಂದು ಗೀರೂ ಇಲ್ಲದೆ, ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತ ಬಂದ. ಅವನ ಹಿಂದೆ ಸರಸ್ವತಿ, ಅವಳ ಹಿಂದೆ ಬಲ್ಬಿನ ದೇವರು.

ಜೆಸಿಬಿ ನಡೆಸುವ ಹುಡುಗ ಯಂತ್ರ ನಿಲ್ಲಿಸಿಬಿಟ್ಟ. ಕೆಳಗಿಳಿದು ಚಪ್ಪಲಿ ಬಿಟ್ಟ. "ಅಮ್ಮಾ, ದೇವ್ರು ಎದ್ದು ಬರ್ಲತ್ತಾರಮ್ಮಾ!"

"ಹೊಡಿ ನೀ, ಹೊಡಿ!" ಎಂದರು ಅಧ್ಯಕ್ಷರು.

"ನೀವೇ ಹೊಡೀರಿ ಸಾರ್," ಎಂದು ಅವನು ಕೀಲಿಕೈ ತೆಗೆದು ಮುಂದೆ ಚಾಚಿದ. ಅಧ್ಯಕ್ಷರು ಎರಡೂ ಫೋನು ಹೊರಗೆ ತೆಗೆದರು, ಯಾರಿಗೂ ಹಚ್ಚಲಿಲ್ಲ.

ಆಮೇಲೆ ನಾನೂ ಓಣಿಯ ಇಬ್ಬರು ಹೆಂಗಸರೂ ಇಳಿದು, ಮಣ್ಣಿನಿಂದ ಒಬ್ಬೊಬ್ಬರನ್ನೇ ಎತ್ತಿ, ಒರೆಸಿ, ಗೊಬ್ಬರದ ಖಾಲಿ ಚೀಲಗಳಲ್ಲಿ ತುಂಬಿದೆವು. ಅಂದು ನಾನು ಕಲಿತದ್ದನ್ನು ನೀವು ಮರೆಯಬೇಡಿ: ಗಾಜು ತೆಗೆಯಿರಿ, ಪ್ಲಾಸ್ಟಿಕ್ ಸುಲಿಯಿರಿ, ಮೊಳೆ ಕೀಳಿರಿ, ಬಲ್ಬು ಬಿಚ್ಚಿರಿ. ಕಾಗದವನ್ನಷ್ಟೇ ಮಣ್ಣಿಗೆ ಕೊಡಿ. ಸುಲಿಯದೆ ಹೂತರೆ ಅದು ವಿಸರ್ಜನೆಯಲ್ಲ, ಬಚ್ಚಿಡುವುದು. ಬಚ್ಚಿಟ್ಟದ್ದು ಹೊರಗೆ ಬರುತ್ತದೆ.

ದೇವರು ಖಾಲಿಯಾದ ಮೇಲೆ ಜೆಸಿಬಿ ಮತ್ತೆ ನಡೆಯಿತು, ನೆಲ ಹೋಯಿತು. ಚೀಲಗಳು ನಮ್ಮ ಮನೆಯ ಪಡಸಾಲೆಗೆ ಬಂದವು. ನಮ್ಮವರು ಒಂದು ಮಾತೂ ಆಡದೆ ತಮ್ಮ ಮಂಚವನ್ನು ಒಂದು ಬದಿಗೆ ಸರಿಸಿಕೊಂಡರು. ಇಂಥ ಗಂಡ ಸಿಕ್ಕದ್ದೂ ಒಂದು ದಯೆ. ಸುಲಿಯುವುದಕ್ಕೆ ಕೂತೆವು, ಕಾಗದದ ಗುಡ್ಡ ಬೆಳೆಯಿತು. ಆದರೆ ಅದನ್ನು ಕೊಡಲು ಮಣ್ಣೆಲ್ಲಿ? ಮನೆಯ ಹಿಂದೆ ಸಿಮೆಂಟು, ಮುಂದೆ ಡಾಂಬರು. ಅಮಾವಾಸ್ಯೆ ಹತ್ತಿರ ಬಂತು. ಕೊಟ್ಟ ಮಾತು ಗೂಡಿನಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿತ್ತು.

ಕೊನೆಗೆ ಪೋಚಮ್ಮನನ್ನು ಉಡಿಯಲ್ಲಿಟ್ಟುಕೊಂಡು ನ್ಯಾಲ್ಕಲ್ ಜೀಪು ಹತ್ತಿದೆ. ಹಿಂದಕ್ಕೆ ಕೊಡಬೇಕು, ಬೇರೆ ದಾರಿಯಿಲ್ಲ. ಸುಶೀಲಾಬಾಯಿಯ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಒಂದೇ, ಧೂಳಿಲ್ಲದೆ. ನಡೆದದ್ದನ್ನೆಲ್ಲ ಹೇಳಿದೆ. ಪೋಚಮ್ಮನನ್ನು ತೆಗೆದು ನಡುವೆ ಇಟ್ಟೆ.

ಆಕೆ ಅದರ ಬಟ್ಟೆಯ ಗಂಟು ಸರಿಮಾಡಿದಳು. ಆಮೇಲೆ, "ಮತ್ತ ಉಳದ ಚೀಲ?" ಎಂದಳು.

"ಮನ್ಯಾಗವ."

"ಅವರೆಲ್ಲಾ ಎಲ್ಲಿಗಿ ಹೋಗ್ತಾರ?"

"ಗೊತ್ತಿಲ್ಲವ್ವಾ."

ಅಂಗಳದಲ್ಲಿ ಟ್ರ್ಯಾಕ್ಟರಿನ ಗಾಲಿ ಬಡಿಯುತ್ತಿದ್ದ ಮಗನನ್ನು ಕರೆದಳು. ಮೂವತ್ತರ ಗಂಡಸು, ಗೆರೆ ಎಳೆದಂಥ ಮಾತು. "ಏ, ನಮ್ಮ ತೊಗರಿ ಹೊಲದಾಗ ಒಡ್ಡಿನ ಬಾಜೂಕ ಜಾಗಾ ಅದಲ್ಲ, ಅಲ್ಲಿ ಇಡ್ತೀವಿ."

"ಯಾರನ್ನ?"

"ಇವರ ಮಂದೀನ."

ಅವನು ನಕ್ಕ. ಒಳ್ಳೆಯ ನಗೆಯೇನಲ್ಲ. "ಗುಡಿಯಾಗ ನಮ್ಮಾಯಿಗಿ ಜಾಗಾ ಇರ್ಲಿಲ್ಲ. ಈಗ ಗುಡಿಯವ್ರ ದೇವರಿಗಿ ನಮ್ಮ ಹೊಲಾ ಬೇಕೇನು?"

ನಾನು ತಲೆ ತಗ್ಗಿಸಲಿಲ್ಲ, ತಗ್ಗಿಸಿದರೆ ಅದೂ ಒಂದು ನಾಟಕ. "ಬೇಕಪ್ಪಾ," ಎಂದೆ. "ನೀ ಇಲ್ಲಂದ್ರ ನನಗ ಸಿಟ್ಟು ಬರಾದಿಲ್ಲ."

ಅವನು ತಾಯಿಯ ಮುಖ ನೋಡಿದ. ತಾಯಿ ಚಹಾಕ್ಕೆ ನೀರಿಟ್ಟಳು. ಮಾತು ಮುಗಿಯಿತು.

ಆ ಅಮಾವಾಸ್ಯೆಗೆ ಹೋದೆವು. ಪೋಚಮ್ಮ ಮೊದಲು ಇಳಿದಳು, ಆಕೆಯ ಪಕ್ಕದಲ್ಲಿ ನಮ್ಮ ಗುಡಿಯವರೆಲ್ಲ. ಯಾರ ಮನೆಯ ದೇವರು ಯಾರ ಪಕ್ಕದಲ್ಲಿ ಮಲಗಿದರು ಎಂದು ಕೇಳಲು ಅಲ್ಲಿ ಕಮಿಟಿ ಇರಲಿಲ್ಲ. ಸುಶೀಲಾಬಾಯಿ ಕೈಮುಗಿಯಲಿಲ್ಲ, ನಾನು ಮುಗಿದೆ. ಇಬ್ಬರೂ ಮಣ್ಣು ಎಳೆದೆವು.

ಗುಡಿಯ ಹಿಂದೆ ಈಗ ಮಳಿಗೆಗಳು ಎದ್ದಿವೆ. ಒಂದರಲ್ಲಿ ಮೊಬೈಲ್ ಕವರು ಮಾರುತ್ತಾರೆ. ಕವರಿನ ಮೇಲೆ ದೇವರುಗಳು. ಜನ ಅವನ್ನು ಪ್ಯಾಂಟಿನ ಹಿಂದಿನ ಕಿಸೆಯಲ್ಲಿಟ್ಟುಕೊಂಡು ಕೂರುತ್ತಾರೆ. ಕಳೆದ ವರ್ಷ ಅಧ್ಯಕ್ಷರ ತಾಯಿ ತೀರಿಕೊಂಡರು. ಹೊಸ ಮನೆಯ ಅಮೃತಶಿಲೆಯ ದೇವರಕೋಣೆಯಲ್ಲಿ ಆ ಮುದುಕಿಯ ಹಳೇ ಫೋಟೊಗಳು ಹೊಂದಲಿಲ್ಲವಂತೆ. ಅಧ್ಯಕ್ಷರು ಬರಲಿಲ್ಲ. ಹೆಂಡತಿಯನ್ನು ನನ್ನ ಜೊತೆ ಕಾರಿನಲ್ಲಿ ನ್ಯಾಲ್ಕಲ್ಲಿಗೆ ಕಳಿಸಿದರು. ಆಕೆ ರೇಷ್ಮೆ ಸೀರೆಯಲ್ಲಿ ಒಡ್ಡಿನ ಮೇಲೆ ನಿಂತು ಬೆವರು ಒರೆಸಿಕೊಂಡಳು. ಸುಶೀಲಾಬಾಯಿ ಚಹಾ ತಂದಳು. ಅಧ್ಯಕ್ಷರ ಹೆಂಡತಿ ಕಪ್ಪು ಹಿಡಿದು ನನ್ನ ಮುಖ ನೋಡಿದಳು. ನಾನು ನನ್ನದನ್ನು ಸೊರ್ರೆಂದು ಕುಡಿದೆ. ಆಕೆಯೂ ಕುಡಿದಳು, ಅರ್ಧ. ಉಳಿದರ್ಧವನ್ನು ಒಡ್ಡಿನ ಹುಲ್ಲಿಗೆ ಚೆಲ್ಲಿದಳು. ಕುಡಿದ ಅರ್ಧವನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ಈ ಮಳೆಗಾಲಕ್ಕೆ ಮುಂಚೆ, ಕೆಲಸವನ್ನು ನಿಮ್ಮ ಕೈಗೊಪ್ಪಿಸುವ ಮೊದಲು, ಕೊನೆಯ ಸಲ ಹೊಲಕ್ಕೆ ಹೋದೆ. ಮಗ ಬಿತ್ತನೆಗೆ ಹೊಲ ಹದ ಮಾಡುತ್ತಿದ್ದ. ಟ್ರ್ಯಾಕ್ಟರು ಒಡ್ಡಿನತ್ತ ಬಂದಾಗ ಅವನು ಹಿಂದಿನ ಕುಂಟೆಯನ್ನು ಮೇಲಕ್ಕೆತ್ತಿ, ಆ ಜಾಗವನ್ನು ಬಳಸಿಕೊಂಡು ಹೋಗಿ, ಆಚೆ ಮತ್ತೆ ಇಳಿಸಿದ. ಅಷ್ಟು ಜಾಗದಲ್ಲಿ ಎರಡು ಸಾಲು ತೊಗರಿ ಆಗುತ್ತಿತ್ತು.

"ಯಾಕಪ್ಪಾ, ಬಿತ್ತಬಾರದೇನು?" ಎಂದೆ. "ಮಣ್ಣಾಗ್ಯಾರ. ಬೆಳಿ ಬಂದ್ರ ಚಲೋನೇ."

ಅವನು ಯಂತ್ರ ನಿಲ್ಲಿಸದೆಯೇ ಹೇಳಿದ: "ನಾವು ದೇವರಿಗಿ ನಂಬಾಂಗಿಲ್ರಿ ಆಯಿ. ಆದ್ರ ಮಲಗಿದವರ ಮ್ಯಾಲಿಂದ ಹಾಯ್ದು ಹೋಗಾಂಗಿಲ್ಲ."